ಓರ್ಕಾಗಳ ಓಣಿಯಲ್ಲಿ ಪುಟ್ಟ ದೋಣಿ

ಕೆನಡಾದ ಪಶ್ಚಿಮ ಅಂಚಿನಲ್ಲಿ ವ್ಯಾಂಕೂವರ್ ಎಂಬ ದೊಡ್ಡ ದ್ವೀಪವಿದೆ. ಅದೇ ಹೆಸರಿನ ಮಹಾನಗರ ಇರುವುದು ಮಾತ್ರ ದ್ವೀಪದಲ್ಲಲ್ಲ, ಎದುರಿನ ದಡದಲ್ಲಿ. ದ್ವೀಪದ ಈಶಾನ್ಯ ಭಾಗಕ್ಕೂ ಮುಖ್ಯ ಭೂಭಾಗದ ಕಡೆಯ ಚಿಲ್ಲರೆ ದ್ವೀಪಗಳಿಗೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ನೀರಿಗೆ ಜಾನ್‌ಸ್ಟನ್ ಜಲಸಂಧಿ ಎಂದು ಹೆಸರು. ಉದ್ದ ಸುಮಾರು 110 ಕಿ.ಮೀ.; ಅಗಲ ಕೆಲವೆಡೆ ಮೂರು ಕಿ.ಮೀ. ಕೂಡ ಇಲ್ಲ. ಸಮುದ್ರ ಎನ್ನುವುದಕ್ಕಿಂತ ಓಣಿ ಎಂದರೇ ಸರಿ. ಎರಡೂ ಬದಿಗೆ ನೀರಿನಿಂದಲೇ ಎದ್ದಂತೆ ಕಾಣುವ ಬೆಟ್ಟಗಳು, ಅವುಗಳ ಮೈತುಂಬ ಸೀಡರ್, ಹೆಮ್ಲಾಕ್ ಮರಗಳ ಕಾಡು. ಬೇಸಿಗೆ ಬಂತೆಂದರೆ ಸಾಲ್ಮನ್ ಮೀನು ತಾನು ಹುಟ್ಟಿದ ಹೊಳೆಗಳಿಗೆ ಮರಳಲು ಈ ಓಣಿಯಲ್ಲಿ ಸಾಗುತ್ತದೆ. ಸಾಲ್ಮನ್ ಹಿಂದೆ ಓರ್ಕಾ ಬರುತ್ತದೆ. ಓರ್ಕಾದ ಹಿಂದೆ ಮನುಷ್ಯ ಬರುತ್ತಾನೆ.

ಬರುವ ಬಗೆ ಹಲವು. ಮೋಟಾರು ದೋಣಿ ಹತ್ತಿ ಮೂರು ನಾಲ್ಕು ಗಂಟೆಯಲ್ಲಿ ನೋಡಿ ಮುಗಿಸಬಹುದು. ಅಲಾಸ್ಕಕ್ಕೆ ಹೋಗುವ ವಿಹಾರ ಹಡಗಿನ ಮೇಲ್ಮಹಡಿಯಲ್ಲಿ ಕಾಫಿ ಹೀರುತ್ತ ನಿಂತವರಿಗೂ ಒಮ್ಮೊಮ್ಮೆ ಕಂಡೀತು. ಇವೆರಡೂ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಕಯಾಕ್ ಎಂಬ ಕಿರುದೋಣಿಯಲ್ಲಿ ಸೊಂಟದವರೆಗೆ ಹುದುಗಿ ಕುಳಿತು, ಸ್ವಂತ ರಟ್ಟೆಯ ಬಲದಿಂದ ಹುಟ್ಟು ಹಾಕುತ್ತ, ರಾತ್ರಿ ದಡದಲ್ಲಿ ಡೇರೆ ಹೊಡೆದು ಮಲಗುತ್ತ ಮೂರರಿಂದ ಆರು ದಿನ ಕಳೆಯುವುದು. ಜೊತೆಗೆ ಒಬ್ಬಿಬ್ಬರು ಗೈಡುಗಳು. ಟೆಲಿಗ್ರಾಫ್ ಕೋವ್, ಪೋರ್ಟ್ ಮ್ಯಾಕ್‌ನೀಲ್ ಎಂಬ ಪುಟ್ಟ ಊರುಗಳಿಂದ ಇಂಥ ತಂಡಗಳು ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಹೊರಡುತ್ತವೆ.

ಕಯಾಕ್ ಎಂದೊಡನೆ ಬಸವಣ್ಣನವರ ಕಾಯಕ ನೆನಪಾದರೆ ತಪ್ಪಲ್ಲ, ಮೈಮುರಿದು ದುಡಿಯುವುದಂತೂ ಎರಡರಲ್ಲೂ ಇದೆ. ಆದರೆ ಪದಕ್ಕೆ ಪದದ ನಂಟಿಲ್ಲ. ಇದು ಉತ್ತರ ಧ್ರುವದ ನೆರೆಯ ಇನ್ಯೂಟ್ ಜನರ ಮಾತು. ಮರ ಬೆಳೆಯದ ಆ ನಾಡಿನಲ್ಲಿ ತೇಲಿ ಬಂದ ಕೊರಡನ್ನೋ ತಿಮಿಂಗಿಲದ ಎಲುಬನ್ನೋ ಹಂದರ ಮಾಡಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಹೊಲಿದು ದೋಣಿ ಮಾಡುತ್ತಿದ್ದರು. ಬಿದಿರ ಹೆಣಿಗೆಗೆ ಚರ್ಮ ಹೊದಿಸಿದ ನಮ್ಮ ಹಳೆಯ ಹರಿಗೋಲಿನದೂ ಇದೇ ಉಪಾಯ. ಆಕಾರ ಮಾತ್ರ ಅದರದು ದುಂಡು, ಇದರದು ಕದಿರಿನಂತೆ ನೀಳ. ಅಂಗಿಯಂತೆ ದೋಣಿಯನ್ನೂ ಬೇಟೆಗಾರನ ಮೈಯಳತೆಗೆ ತಕ್ಕಂತೆ ಮಾಡುತ್ತಿದ್ದರು. ಉದ್ದೇಶ ಒಂದೇ: ಸದ್ದಾಗದಂತೆ ಹೋಗಿ ಸೀಲ್ ಹೊಡೆಯುವುದು. ಕೊಲ್ಲಲು ಹುಟ್ಟಿದ ಈ ಮೌನದ ದೋಣಿ ಈಗ ನಾರುಗಾಜು ಮತ್ತು ಪ್ಲಾಸ್ಟಿಕ್ಕಿನ ಮೈ ಪಡೆದು ಬರೀ ನೋಡುವವರ ಕೈಗೆ ಬಂದಿದೆ. ಇನ್ನೊಂದು ಮಾತು. ಜಾನ್‌ಸ್ಟನ್ ಜಲಸಂಧಿಯ ಮೂಲನಿವಾಸಿಗಳು ಕಯಾಕ್ ಬಳಸಿದವರಲ್ಲ. ಅವರದು ದೈತ್ಯ ಸೀಡರ್ ಮರದ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಮರದೋಣಿ. ಪ್ರವಾಸದ ಜಾಹೀರಾತುಗಳು ಇವೆಲ್ಲವನ್ನೂ ಕಲಸಿ 'ಪ್ರಾಚೀನ ಸಂಪ್ರದಾಯ' ಎಂದು ಬಡಿಸಿದರೆ ನಂಬಬೇಕಿಲ್ಲ.

ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ದಟ್ಟ ಮಂಜು. ಅದು ಕರಗುವವರೆಗೆ ದಡದಲ್ಲೇ ಉಪಾಹಾರ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಗಾಳಿ ಏಳುವುದರಿಂದ ಅಷ್ಟರೊಳಗೆ ಹೆಚ್ಚಿನ ದೂರ ಕ್ರಮಿಸಿಬಿಡಬೇಕು. ಒಂದೊಂದು ದೋಣಿಯಲ್ಲಿ ಸಾಮಾನ್ಯವಾಗಿ ಇಬ್ಬರು; ಹಿಂದೆ ಕುಳಿತವರ ಕಾಲ ಬಳಿ ಚುಕ್ಕಾಣಿಯ ಮೆಟ್ಟು. ಬೇಸಿಗೆಯಲ್ಲೂ ನೀರಿನ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸು. ಅದರಲ್ಲಿ ಮಗುಚಿ ಬಿದ್ದವರ ಕೈಕಾಲು ಬಹುಬೇಗ ಮರಗಟ್ಟುತ್ತವೆ. ಆದ್ದರಿಂದ ಹೊರಡುವ ಮುನ್ನವೇ ಮಗುಚಿದ ದೋಣಿಯಿಂದ ಹೊರಬರುವ, ಮತ್ತೆ ಹತ್ತುವ ಪಾಠ ನಡೆಯುತ್ತದೆ. ಭರತ ಇಳಿತಗಳ ನಡುವೆ ನೀರಿನ ಮಟ್ಟದಲ್ಲಿ ನಾಲ್ಕೈದು ಮೀಟರ್ ವ್ಯತ್ಯಾಸವಾಗುವ ಕಡಲಿದು. ಸಂಜೆ ಒಣಗಿದ್ದ ಮರಳಲ್ಲಿ ಡೇರೆ ಹಾಕಿದವರು ನಡುರಾತ್ರಿ ನೀರಲ್ಲಿ ಎಚ್ಚರಗೊಂಡಾರು! ಕಾಡಿನಲ್ಲಿ ಕಪ್ಪು ಕರಡಿಗಳಿವೆ, ಕೂಗರ್ ಎಂಬ ದೊಡ್ಡ ಬೆಕ್ಕೂ ಇದೆ. ಅನ್ನದ ಚೀಲವನ್ನಷ್ಟೇ ಅಲ್ಲ, ಹಲ್ಲುಜ್ಜುವ ಪೇಸ್ಟನ್ನೂ ಡೇರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಓರ್ಕಾ ಕಂಡಾಗ ಏನು ಮಾಡಬೇಕು? ಮಾಡಬೇಕಾದದ್ದು ಏನೂ ಇಲ್ಲ ಎನ್ನುವುದೇ ಇಲ್ಲಿನ ಶಿಸ್ತು. ದೋಣಿಗಳೆಲ್ಲ ದಡಕ್ಕೆ ಸರಿದು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಆ ತೀರದುದ್ದಕ್ಕೂ ಕೆಲ್ಪ್ ಎಂಬ ಕಡಲಪಾಚಿ ತಳದಿಂದ ಹಗ್ಗದಂತೆ ಬೆಳೆದು ಮೇಲೆ ತೇಲುತ್ತಿರುತ್ತದೆ. ಅದರ ದಂಟನ್ನು ಕೈಯಲ್ಲಿ ಹಿಡಿದುಕೊಂಡರೆ ಹರಿವು ದೋಣಿಯನ್ನು ಎಳೆದೊಯ್ಯುವುದಿಲ್ಲ. ಕೆನಡಾದ ಕಾನೂನಿನಂತೆ ಇಲ್ಲಿ ಓರ್ಕಾದಿಂದ ಕನಿಷ್ಠ 200 ಮೀಟರ್ ದೂರವಿರಬೇಕು. ಮೋಟಾರಿಲ್ಲದ ದೋಣಿಗೂ ವಿನಾಯಿತಿ ಇಲ್ಲ. ಗೈಡು ನೀರಿಗೆ ಹೈಡ್ರೊಫೋನ್ ಎಂಬ ಮೈಕು ಇಳಿಬಿಡುತ್ತಾನೆ. ಕಿರುಚಿದಂತೆ, ಕದದ ಕೀಲು ಕಿರುಗುಟ್ಟಿದಂತೆ, ಸಿಳ್ಳೆ ಹಾಕಿದಂತೆ ದನಿಗಳು ಕೇಳತೊಡಗುತ್ತವೆ.

ಆ ದನಿಗಳ ಕಥೆ ಹೇಳುವ ಮುನ್ನ ಪ್ರಾಣಿಯ ಪರಿಚಯ ಆಗಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಕಿಲ್ಲರ್ ವೇಲ್ ಎಂಬ ಹೆಸರಿದೆ. ನಮ್ಮ ಪತ್ರಿಕೆಗಳು ಅದನ್ನೇ 'ಕೊಲೆಗಡುಕ ತಿಮಿಂಗಿಲ' ಮಾಡಿದವು. ಅಸಲಿಗೆ ಇದು ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ. ಗಂಡು ಒಂಬತ್ತು ಮೀಟರ್‌ವರೆಗೆ ಬೆಳೆಯಬಲ್ಲದು. ಬೆನ್ನ ಮೇಲಿನ ನೆಟ್ಟನೆಯ ರೆಕ್ಕೆಯೇ ಆಳೆತ್ತರ. ಕಡುಗಪ್ಪು ಮೈ, ಕಣ್ಣ ಹಿಂದೆ ಬಿಳಿ ಮಚ್ಚೆ, ಬೆನ್ನರೆಕ್ಕೆಯ ಹಿಂದೆ ಜೀನು ಹಾಕಿದಂತೆ ಬೂದು ಪಟ್ಟೆ. ಕಾಡುಕಡಲಿನಲ್ಲಿ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಇಲ್ಲ. ಕೊಂದದ್ದೆಲ್ಲ ಕೊಳದಲ್ಲಿ ಕೂಡಿಟ್ಟ ಓರ್ಕಾಗಳು.

ಈ ತೀರದಲ್ಲಿ ಮುಖ್ಯವಾಗಿ ಎರಡು ಬಗೆಯ ಓರ್ಕಾಗಳಿವೆ. ಒಂದು 'ರೆಸಿಡೆಂಟ್', ಮೀನು, ಅದರಲ್ಲೂ ಚಿನೂಕ್ ಎಂಬ ದೊಡ್ಡ ಸಾಲ್ಮನ್, ಇದರ ಆಹಾರ. ಇನ್ನೊಂದಕ್ಕೆ 'ಬಿಗ್ಸ್ ಓರ್ಕಾ' ಎನ್ನುತ್ತಾರೆ. ಇದು ಸೀಲ್, ಕಡಲಸಿಂಹಗಳನ್ನು ತಿನ್ನುತ್ತದೆ, ಮೀನು ಮುಟ್ಟುವುದಿಲ್ಲ. ಒಂದೇ ನೀರಿನಲ್ಲಿದ್ದರೂ ಇವೆರಡರ ನಡುವೆ ಕೊಡುಕೊಳ್ಳುವಿಕೆ ಇಲ್ಲ. ಇವು ಬೇರೆ ಬೇರೆ ಪ್ರಭೇದಗಳೇ ಎಂದು 2024ರಲ್ಲಿ ವಿಜ್ಞಾನಿಗಳ ತಂಡವೊಂದು ವಾದ ಮುಂದಿಟ್ಟಿತು. ಈ ಭೇದ ತಿಳಿಯದ ಕಾಲದಲ್ಲಿ, 1970ರ ಮಾರ್ಚ್‌ನಲ್ಲಿ, ದ್ವೀಪದ ದಕ್ಷಿಣ ತುದಿಯ ಪೆಡರ್ ಬೇ ಎಂಬಲ್ಲಿ ಐದು ಓರ್ಕಾಗಳನ್ನು ಬಲೆಯಲ್ಲಿ ಹಿಡಿದು ಮೀನು ಹಾಕಿದರು. ಅವುಗಳಲ್ಲಿ ಮೂರು ಸುಮಾರು 75 ದಿನ ಮೀನು ಮುಟ್ಟಲಿಲ್ಲ. ಒಂದು ಹಸಿವಿನಿಂದ ಸತ್ತಿತು. ಆ ಬಳಿಕವಷ್ಟೇ ಉಳಿದೆರಡು ಮೀನಿಗೆ ಬಾಯಿ ಹಾಕಿದವು. ಮೀನು ಇವುಗಳ ಪಾಲಿಗೆ ಆಹಾರವೇ ಅಲ್ಲ ಎಂದು ಹಿಡಿದವರಿಗೆ ಆಗ ಹೊಳೆಯಲೇ ಇಲ್ಲ.

ರೆಸಿಡೆಂಟ್ ಓರ್ಕಾಗಳ ಸಂಸಾರ ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಬೇಗ ಅರ್ಥವಾದೀತು. ಮನೆತನ ನಡೆಯುವುದು ತಾಯಿಯ ಕಡೆಯಿಂದ. ಅಜ್ಜಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು - ಇಷ್ಟೂ ಮಂದಿ ಒಟ್ಟಿಗೆ. ಗಂಡುಮಕ್ಕಳು ಕೂಡ ಬದುಕಿನುದ್ದಕ್ಕೂ ತಾಯಿಯನ್ನು ಬಿಟ್ಟುಹೋಗುವುದಿಲ್ಲ. ಕೂಡುವಿಕೆ ಮಾತ್ರ ಹೊರಗಿನ ಮನೆತನದೊಡನೆ; ಆಮೇಲೆ ಗಂಡು ತನ್ನ ತಾಯಿಯ ಬಳಿಗೇ ಮರಳುತ್ತದೆ. ಮೂವತ್ತು ದಾಟಿದ ಗಂಡು ಓರ್ಕಾದ ತಾಯಿ ಸತ್ತರೆ ಮುಂದಿನ ಒಂದು ವರ್ಷದಲ್ಲಿ ಅದು ಸಾಯುವ ಸಂಭವ ಸುಮಾರು 14 ಪಟ್ಟು ಹೆಚ್ಚುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಒಂದೊಂದು ಬಳಗಕ್ಕೂ ತನ್ನದೇ ಕೂಗಿನ ಬಗೆಗಳಿವೆ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಎಂದು ನಾವು ದನಿ ಕೇಳಿಯೇ ಹೇಳುವುದಿಲ್ಲವೆ? ಜಾನ್ ಫೋರ್ಡ್ ಎಂಬ ಕೆನಡಾದ ವಿಜ್ಞಾನಿ ವರ್ಷಗಟ್ಟಲೆ ಹೈಡ್ರೊಫೋನ್ ಹಿಡಿದು ಕುಳಿತು ಈ 'ಉಪಭಾಷೆ'ಗಳನ್ನು ಬೇರ್ಪಡಿಸಿದರು. ಮರಿಗಳು ಇದನ್ನು ತಾಯಿಯಿಂದ ಕಲಿಯುತ್ತವೆ.

ಇಂಥ ಪ್ರಾಣಿಯನ್ನು ನೋಡಲು ಇಂದು ಜನ ದುಡ್ಡು ತೆತ್ತು ಬರುತ್ತಾರೆ. ಅರವತ್ತು ವರ್ಷಗಳ ಹಿಂದೆ ಇಲ್ಲಿ ಓರ್ಕಾ ಕಂಡರೆ ಕೈ ಹೋಗುತ್ತಿದ್ದುದು ಬಂದೂಕಿಗೆ. ಸಾಲ್ಮನ್ ಕದಿಯುವ ಪೀಡೆ ಎಂದು ಮೀನುಗಾರರು ಗುಂಡು ಹೊಡೆಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕೆನಡಾದ ಮೀನುಗಾರಿಕೆ ಇಲಾಖೆಯೇ ಜಲಸಂಧಿಯ ದಕ್ಷಿಣಕ್ಕೆ, ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಿನ ಬಳಿ, ಓರ್ಕಾ ಹೊಡೆಯಲೆಂದು ಮೆಷಿನ್‌ಗನ್ ನಿಲ್ಲಿಸಿತ್ತು. ಅದೃಷ್ಟವಶಾತ್ ಅದು ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ.

1964ರಲ್ಲಿ ವ್ಯಾಂಕೂವರ್ ಮತ್ಸ್ಯಾಲಯಕ್ಕೆ ಓರ್ಕಾದ ಪೂರ್ಣಗಾತ್ರದ ಪ್ರತಿಮೆ ಬೇಕಾಯಿತು. ಮಾದರಿಗಾಗಿ ಒಂದನ್ನು ಕೊಂದು ತರಲು ಶಿಲ್ಪಿಯನ್ನೇ ಕಳಿಸಿದರು. ಈಟಿ ನಾಟಿದರೂ ಆ ಎಳೆಯ ಓರ್ಕಾ ಸಾಯಲಿಲ್ಲ. ಈಟಿಯ ಹಗ್ಗದಲ್ಲೇ ಅದನ್ನು ನಗರಕ್ಕೆ ಎಳೆದು ತಂದರು. ಹೆಣ್ಣೆಂದು ತಿಳಿದು 'ಮೋಬಿ ಡಾಲ್' ಎಂದು ಹೆಸರಿಟ್ಟರು. ಸತ್ತ ಮೇಲೆ ಗಂಡೆಂದು ಗೊತ್ತಾಯಿತು. ಬದುಕಿದ್ದು 87 ದಿನ. ಅಷ್ಟರಲ್ಲಿ ಜನರಿಗೆ ಕಂಡದ್ದು ರಾಕ್ಷಸನಲ್ಲ, ಸೌಮ್ಯವಾದ, ಗಾಯಗೊಂಡ ಮರಿ. ಇದರಿಂದ ಒಳ್ಳೆಯದಾಯಿತು ಎನ್ನುವ ಹಾಗೂ ಇಲ್ಲ. ಭಯ ಹೋದ ಜಾಗಕ್ಕೆ ವ್ಯಾಪಾರ ಬಂತು. ಮರುವರ್ಷ ನಾಮು ಎಂಬ ಓರ್ಕಾವನ್ನು ಸಿಯಾಟಲ್‌ನ ಮತ್ಸ್ಯಾಲಯದ ಮಾಲೀಕ ಟೆಡ್ ಗ್ರಿಫಿನ್ 8,000 ಡಾಲರಿಗೆ ಕೊಂಡರು. ಮುಂದಿನ ಹತ್ತು ಹನ್ನೆರಡು ವರ್ಷ ಈ ತೀರದಿಂದ ಜಗತ್ತಿನ ಕೊಳಗಳಿಗೆಲ್ಲ ಓರ್ಕಾ ಮರಿಗಳ ರವಾನೆ. 1970ರ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ ಕೋವ್‌ನಲ್ಲಿ ಎಂಬತ್ತರಷ್ಟು ಓರ್ಕಾಗಳನ್ನು ಸುತ್ತುವರಿದು ಏಳು ಮರಿಗಳನ್ನು ಒಯ್ದರು. ಬಲೆಗೆ ಸಿಕ್ಕಿ ಸತ್ತವುಗಳ ಹೊಟ್ಟೆ ಸೀಳಿ, ಭಾರ ಕಟ್ಟಿ, ಯಾರಿಗೂ ಕಾಣದಂತೆ ಮುಳುಗಿಸಿದರು. ಆದರೂ ಕಳೇಬರಗಳು ದಡಕ್ಕೆ ಬಂದು ವಿಷಯ ಬಯಲಾಯಿತು. ಅಂದು ಒಯ್ದ ಮರಿಗಳಲ್ಲೊಂದಾದ ಲೊಲಿಟಾ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಯಾಮಿಯ ಕೊಳದಲ್ಲಿದ್ದು 2023ರ ಆಗಸ್ಟ್‌ನಲ್ಲಿ ಅಲ್ಲೇ ಸತ್ತಿತು.

ಹೀಗೆ ಹಿಡಿಯುತ್ತ ಹೋದರೆ ಉಳಿಯುವುದೆಷ್ಟು? ಇರುವುದಾದರೂ ಎಷ್ಟು? ಎಲ್ಲರೂ 'ಸಾವಿರಾರು' ಎನ್ನುತ್ತಿದ್ದರು, ಎಣಿಸಿದವರು ಮಾತ್ರ ಇರಲಿಲ್ಲ. ನನೈಮೊ ಊರಿನ ಸರ್ಕಾರಿ ಸಂಶೋಧನಾ ಕೇಂದ್ರದ ಮೈಕೆಲ್ ಬಿಗ್ ಎಂಬ ವಿಜ್ಞಾನಿ 1971ರಲ್ಲಿ ದೀಪಸ್ತಂಭದ ಕಾವಲುಗಾರರು, ಮೀನುಗಾರರು, ದೋಣಿ ಇರುವವರು ಎಲ್ಲರಿಗೂ ಸುಮಾರು 15,000 ಪ್ರಶ್ನಾವಳಿ ಹಂಚಿದರು. ನಿಗದಿಯಾದ ಒಂದು ದಿನ ಕಂಡ ಓರ್ಕಾಗಳನ್ನು ಬರೆದು ಕಳಿಸಬೇಕು, ಅಷ್ಟೆ. ಸಿಕ್ಕ ಲೆಕ್ಕ 350ನ್ನೂ ಮೀರಲಿಲ್ಲ. ಆಮೇಲೆ ಬಿಗ್ ಇನ್ನೊಂದು ಉಪಾಯ ಹೂಡಿದರು. ಬೆನ್ನರೆಕ್ಕೆಯ ಅಂಚಿನ ಕಚ್ಚು, ಹಿಂದಿನ ಬೂದು ಪಟ್ಟೆಯ ಆಕಾರ ಒಂದರಂತೆ ಇನ್ನೊಂದಕ್ಕಿಲ್ಲ. ಫೋಟೊ ತೆಗೆದು ಪ್ರತಿ ಓರ್ಕಾಗೂ ಅಕ್ಷರ, ಅಂಕಿ ಕೊಟ್ಟರು. ಸಹೋದ್ಯೋಗಿಗಳೇ ಮೊದಮೊದಲು ನಂಬಲಿಲ್ಲವಂತೆ. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಕಟ್ಟಿ ಹುಲಿಯ ಪಟ್ಟೆಗಳಿಂದ ಹುಲಿ ಎಣಿಸಿದ್ದನ್ನು ಬಲ್ಲವರಿಗೆ ಈ ತರ್ಕ ಹೊಸದೆನಿಸದು. ಇಂದು ಕಯಾಕ್ ತಂಡದ ಗೈಡು ದೂರದ ರೆಕ್ಕೆ ನೋಡಿ 'ಅದು ಇಂಥ ಮನೆತನದ್ದು' ಎಂದು ಹೇಳಬಲ್ಲನಾದರೆ ಅದರ ಹಿಂದೆ ಬಿಗ್ ಆರಂಭಿಸಿದ ಈ ಫೋಟೊ ಪಟ್ಟಿ ಇದೆ.

ಇದೇ ಹೊತ್ತಿಗೆ ಪಾಲ್ ಸ್ಪಾಂಗ್ ಎಂಬ ನ್ಯೂಜಿಲೆಂಡ್ ಮೂಲದ ವಿಜ್ಞಾನಿಯ ಬದುಕೂ ತಿರುವು ಪಡೆಯಿತು. ಅವರು ವ್ಯಾಂಕೂವರ್ ಮತ್ಸ್ಯಾಲಯದ ಸ್ಕಾನಾ ಎಂಬ ಓರ್ಕಾದ ಮೇಲೆ ಪ್ರಯೋಗ ನಡೆಸುತ್ತಿದ್ದರು. ಒಂದು ದಿನ ಕೊಳಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದಾಗ ಸ್ಕಾನಾ ಬಾಯಿ ತೆರೆದು ಅವರ ಪಾದಗಳಿಗೆ ಹಲ್ಲು ಸವರಿತು. ಸ್ಪಾಂಗ್ ಬೆಚ್ಚಿ ಕಾಲೆಳೆದುಕೊಂಡರು. ಮತ್ತೆ ಇಳಿಬಿಟ್ಟರು, ಮತ್ತೆ ಅದೇ. ಹತ್ತಾರು ಸಲ ಹೀಗಾದ ಮೇಲೆ ಅವರು ಕಾಲು ಅಲುಗಿಸದೆ ಕುಳಿತರು. ಅಂದಿಗೆ ಆ ಆಟ ನಿಂತಿತು. ಪ್ರಯೋಗ ಯಾರು ಯಾರ ಮೇಲೆ ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಹುಟ್ಟಿದ ಸ್ಪಾಂಗ್ 1970ರಲ್ಲಿ ಜಾನ್‌ಸ್ಟನ್ ಜಲಸಂಧಿಯ ಹ್ಯಾನ್ಸನ್ ದ್ವೀಪಕ್ಕೆ ಬಂದು ನೆಲೆಸಿ ಓರ್ಕಾಲ್ಯಾಬ್ ಕಟ್ಟಿದರು. ನೀರಿನಡಿ ಮೈಕು ಇಳಿಬಿಟ್ಟು, ದಡದಲ್ಲಿ ಕುಳಿತು ಕೇಳುವುದು - ಇದೇ ಅಲ್ಲಿನ ಕೆಲಸ.

ಹ್ಯಾನ್ಸನ್ ದ್ವೀಪದಿಂದ ತುಸು ದೂರದಲ್ಲಿ, ಸಿತಿಕಾ ನದಿ ಕಡಲು ಸೇರುವಲ್ಲಿ ರಾಬ್ಸನ್ ಬೈಟ್ ಎಂಬ ಕೊಲ್ಲಿ ಇದೆ. ಅದರ ಪಕ್ಕದ ದಡಗಳಲ್ಲಿ ಸಾಣೆ ಹಿಡಿದಂತೆ ನುಣುಪಾದ ಬೆಣಚುಕಲ್ಲುಗಳಿವೆ. ಓರ್ಕಾಗಳು ಇಲ್ಲಿಗೆ ಬಂದು, ಆಳವಿಲ್ಲದ ನೀರಿನಲ್ಲಿ ಕಲ್ಲುಗಳ ಮೇಲೆ ಮೈ ಉಜ್ಜಿಕೊಳ್ಳುತ್ತವೆ. ಎಮ್ಮೆ ಮರಕ್ಕೆ ಮೈ ತಿಕ್ಕಿದಂತೆ ಎಂದುಕೊಳ್ಳೋಣವೆಂದರೆ, ದಕ್ಷಿಣದ ರೆಸಿಡೆಂಟ್ ಬಳಗದಲ್ಲಿ ಈ ರೂಢಿಯೇ ಇಲ್ಲ. ಇದು ಉತ್ತರದ ಬಳಗದ ಸಂಪ್ರದಾಯ. ಮರದ ದಿಮ್ಮಿ ಸಾಗಣೆಗೆ ಈ ಕೊಲ್ಲಿಯನ್ನು ಬಳಸುವ ಯೋಜನೆ ಬಂದಾಗ ದೊಡ್ಡ ವಿರೋಧವೆದ್ದು, 1982ರಲ್ಲಿ ಇದು ಮೀಸಲು ಪ್ರದೇಶವಾಯಿತು. ಬಿಗ್ 1990ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರು ಅದಕ್ಕೆ ಸೇರಿತು. ಪ್ರವಾಸಿ ದೋಣಿಗಳಿಗೆ ಒಳಗೆ ಪ್ರವೇಶವಿಲ್ಲ. ಕಯಾಕಿನವರು ಗಡಿಯಲ್ಲೇ ತಿರುಗಬೇಕು. ಇಷ್ಟಿದ್ದೂ 2007ರ ಆಗಸ್ಟ್‌ನಲ್ಲಿ ಮರ ಕಡಿಯುವ ಯಂತ್ರಗಳನ್ನು ಹೊತ್ತ ತೇಲುದೋಣಿಯೊಂದು ಇಲ್ಲೇ ವಾಲಿ, ಸಾವಿರಾರು ಲೀಟರ್ ಡೀಸೆಲ್ ತುಂಬಿದ್ದ ಟ್ಯಾಂಕರ್ ಲಾರಿ ಸಮೇತ ಎಲ್ಲವನ್ನೂ ನೀರಿಗೆ ಚೆಲ್ಲಿತು. ಆ ಲಾರಿಯನ್ನು ಮೇಲೆತ್ತಲು 2009ರವರೆಗೆ ಕಾಯಬೇಕಾಯಿತು.

ಈ ನೀರಿಗೆ ಪ್ರವಾಸಿ, ವಿಜ್ಞಾನಿಗಳಿಗಿಂತ ಹಳೆಯ ಒಡೆಯರಿದ್ದಾರೆ. ಕೊರ್ಮೊರಂಟ್ ದ್ವೀಪದ ಅಲರ್ಟ್ ಬೇ ಊರು 'ನಮ್ಗೀಸ್' ಎಂಬ ಮೂಲನಿವಾಸಿಗಳ ನೆಲೆ. ಕ್ವಕ್ವಕವಕ್ವ ಎಂಬ ದೊಡ್ಡ ಜನಸಮುದಾಯದ ಒಂದು ಪಂಗಡ. ಕಡಲಿನಲ್ಲಿ ಬೇಟೆಯಾಡುವವರು ಸತ್ತ ಮೇಲೆ ಓರ್ಕಾಗಳಾಗುತ್ತಾರೆ ಎಂಬುದು ಇವರಲ್ಲಿದ್ದ ನಂಬಿಕೆ. ಮುಖವಾಡಗಳಲ್ಲಿ, ಕುಲಸ್ತಂಭಗಳಲ್ಲಿ ಓರ್ಕಾ ಕೆತ್ತುತ್ತಾರೆ. ಈ ಮುಖವಾಡ ಧರಿಸಿ ಕುಣಿಯುವ ಪಾಟ್‌ಲಾಚ್ ಎಂಬ ದಾನದ ಹಬ್ಬವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. 1921ರಲ್ಲಿ ನಡೆದ ಒಂದು ಹಬ್ಬಕ್ಕಾಗಿ ಜನರನ್ನು ಜೈಲಿಗೆ ಹಾಕಿ, ಮುಖವಾಡಗಳನ್ನು ಕಸಿದು ವಸ್ತುಸಂಗ್ರಹಾಲಯಗಳಿಗೆ ಹಂಚಿದರು. ದಶಕಗಳ ಹೋರಾಟದ ನಂತರ ಅವುಗಳಲ್ಲಿ ಹಲವು ಮರಳಿದವು. ಅವನ್ನಿಡಲು 1980ರಲ್ಲಿ ತೆರೆದ ಕೇಂದ್ರದ ಹೆಸರು 'ಉಮಿಸ್ತಾ'. ಶತ್ರುಗಳ ಸೆರೆಗೆ ಸಿಕ್ಕವರು ಮನೆಗೆ ಮರಳಿ ಬಂದರೆ ಅದಕ್ಕೆ ಹೇಳುವ ಮಾತು ಅದು.

2002ರಲ್ಲಿ ಅಂಥದೇ ಒಂದು ಮರಳುವಿಕೆ ಇಲ್ಲಿ ನಡೆಯಿತು. ಆ ವರ್ಷದ ಆರಂಭದಲ್ಲಿ ಸಿಯಾಟಲ್ ಹತ್ತಿರ ಸುಮಾರು ಎರಡು ವರ್ಷದ ಓರ್ಕಾ ಮರಿಯೊಂದು ಒಂಟಿಯಾಗಿ, ಸೊರಗಿ ಅಲೆಯುತ್ತಿತ್ತು. ಅದರ ಕೂಗನ್ನು ಧ್ವನಿಮುದ್ರಿಸಿ ಕೇಳಿದಾಗ ತಿಳಿಯಿತು - ಉಪಭಾಷೆ ಜಾನ್‌ಸ್ಟನ್ ಜಲಸಂಧಿಯ ಬಳಗದ್ದು. ಸ್ಪ್ರಿಂಗರ್ ಎಂದು ಹೆಸರಾದ ಈ ತಬ್ಬಲಿಯನ್ನು ಹಿಡಿದು, ಆರೈಕೆ ಮಾಡಿ, ಜುಲೈಯಲ್ಲಿ ವೇಗದ ಹಡಗಿನಲ್ಲಿ ಹ್ಯಾನ್ಸನ್ ದ್ವೀಪಕ್ಕೆ ತಂದರು. ನಮ್ಗೀಸ್ ಜನ ಮರದೋಣಿಗಳಲ್ಲಿ ಬಂದು ಸ್ವಾಗತಿಸಿದರು. ಮರಿಗಾಗಿ ಜೀವಂತ ಸಾಲ್ಮನ್ ಹಿಡಿದು ಬಲೆಯಾವರಣದಲ್ಲಿ ಬಿಟ್ಟಿದ್ದರು. ಮರುದಿನ ಬಂಧುಬಳಗ ಹತ್ತಿರ ಬಂದಾಗ ಬಲೆ ತೆರೆದರು. ಕೆಲದಿನಗಳಲ್ಲಿ ಸ್ಪ್ರಿಂಗರ್ ಬಳಗದೊಡನೆ ಬೆರೆಯಿತು. 2013ರಲ್ಲಿ ಅದು ತಾಯಾಯಿತು, 2017ರಲ್ಲಿ ಮತ್ತೊಮ್ಮೆ. ಅಡ್ಡಹೆಸರು, ಅಂಕಿ, ಕೂಗಿನ ನಕ್ಷೆ ಎಂದೆಲ್ಲ ಮೂವತ್ತು ವರ್ಷ ಬರೆದಿಟ್ಟದ್ದು ವ್ಯರ್ಥವಲ್ಲವೆಂದು ಇದೊಂದೇ ಪ್ರಕರಣ ತೋರಿಸಿತು.

ಹಾಗಾದರೆ ಎಲ್ಲವೂ ಸುಖಾಂತವೆ? ಉತ್ತರದ ರೆಸಿಡೆಂಟ್ ಬಳಗ 1970ರ ದಶಕದ ಸುಮಾರು 120ರಿಂದ ಈಗ 300 ದಾಟಿದೆ. ಮರಿಗಳನ್ನು ಹೆಚ್ಚಾಗಿ ಕಳೆದುಕೊಂಡ ದಕ್ಷಿಣದ ಬಳಗದ್ದು ಬೇರೆ ಕಥೆ. ಅಲ್ಲಿ ಉಳಿದಿರುವುದು ಎಪ್ಪತ್ತೈದರ ಒಳಗೆ. 2018ರಲ್ಲಿ ಆ ಬಳಗದ ತಾಲೆಕ್ವಾ ಎಂಬ ತಾಯಿ ಸತ್ತ ಮರಿಯನ್ನು ತಲೆಯ ಮೇಲೆ ಹೊತ್ತು 17 ದಿನ ಈಜಿದ್ದನ್ನು ಜಗತ್ತೇ ನೋಡಿತು. 2025ರ ಆರಂಭದಲ್ಲಿ ಅದೇ ತಾಯಿ ಮತ್ತೊಂದು ಸತ್ತ ಮರಿಯೊಂದಿಗೆ ಕಾಣಿಸಿಕೊಂಡಿತು. ಮುಖ್ಯ ಕಾರಣಗಳು ಮೂರು: ಚಿನೂಕ್ ಸಾಲ್ಮನ್ ಕಡಿಮೆಯಾಗಿರುವುದು, ಮೈಯಲ್ಲಿ ಸೇರಿಕೊಂಡಿರುವ ವಿಷರಾಸಾಯನಿಕಗಳು, ಮತ್ತು ಸದ್ದು.

ಸದ್ದಿನ ವಿಷಯವೇ ನೋಡುವವರಿಗೆ ನೇರವಾಗಿ ತಟ್ಟುವಂಥದು. ಓರ್ಕಾ ಮೀನು ಹುಡುಕುವುದು ಕಣ್ಣಿನಿಂದಲ್ಲ, ತಾನೇ ಹೊರಡಿಸಿದ ಟಕ್ ಟಕ್ ಸದ್ದಿನ ಪ್ರತಿಧ್ವನಿಯಿಂದ. ಎಂಜಿನ್ನಿನ ಗದ್ದಲ ಅದನ್ನು ನುಂಗಿಹಾಕುತ್ತದೆ. ಜಲಸಂಧಿಯ ಪಕ್ಕದ ಬ್ರೌಟನ್ ದ್ವೀಪಸ್ತೋಮದಲ್ಲಿ ಸಾಲ್ಮನ್ ಸಾಕಣೆಯವರು ಸೀಲ್ ಓಡಿಸಲೆಂದು 1993ರಲ್ಲಿ ಕಿವಿಗಡಚಿಕ್ಕುವ ಸಾಧನಗಳನ್ನು ನೀರಿಗಿಳಿಸಿದಾಗ ಓರ್ಕಾಗಳೇ ಆ ಜಾಗ ಬಿಡತೊಡಗಿದವು. 1999ರಲ್ಲಿ ಅವನ್ನು ನಿಲ್ಲಿಸಿದ ಮೇಲಷ್ಟೇ ಮರಳಿದವು. ಅಲ್ಲಿಯೇ ನೆಲೆಸಿದ್ದ ಅಲೆಕ್ಸಾಂಡ್ರಾ ಮಾರ್ಟನ್ ಎಂಬ ಸಂಶೋಧಕಿಯ ಅಧ್ಯಯನ ಇದನ್ನು ದಾಖಲಿಸಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ ದಕ್ಷಿಣದ ಬಳಗದಿಂದ ದೋಣಿಗಳು 1,000 ಗಜ ದೂರವಿರಬೇಕೆಂದು 2025ರ ಜನವರಿಯಿಂದ ಕಡ್ಡಾಯ ಮಾಡಿದೆ. ಅಷ್ಟು ದೂರದಿಂದ ಬೆನ್ನರೆಕ್ಕೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿ ಕಂಡೀತು.

ಕಯಾಕಿಗೆ ಎಂಜಿನ್ನಿಲ್ಲ, ಆ ಮಟ್ಟಿಗೆ ಅದು ಮೇಲು. ಆದರೆ ಸದ್ದಿಲ್ಲದಿರುವುದೇ ಒಂದು ತೊಡಕು ಕೂಡ: ಮೀನಿನ ಬೆನ್ನಟ್ಟಿ ಬರುವ ಓರ್ಕಾಗೆ ಎದುರಿನ ಪುಟ್ಟ ದೋಣಿ ಕೇಳಿಸದೆ ಹೋಗಬಹುದು. ಒತ್ತಾಗಿ ದಡಕ್ಕೆ ಸೇರಿ ನಿಲ್ಲಬೇಕು, ಹಾದಿಗೆ ಅಡ್ಡ ಹೋಗಬಾರದು ಎಂಬ ನಿಯಮ ಬಂದದ್ದು ಇದಕ್ಕೇ. ಒಳ್ಳೆಯ ಗೈಡುಗಳು ಹೊರಡುವ ಮುನ್ನವೇ ಹೇಳಿಬಿಡುತ್ತಾರೆ: ಓರ್ಕಾ ಕಂಡೇ ಕಾಣುತ್ತದೆಂಬ ಭರವಸೆ ಇಲ್ಲ. ಆರು ದಿನ ಹುಟ್ಟು ಹಾಕಿ ಸೀಲ್, ಬೋಳುತಲೆ ಹದ್ದು, ಮಂಜು ಇಷ್ಟನ್ನೇ ನೋಡಿ ಮರಳುವವರೂ ಇದ್ದಾರೆ. ಹಗಲೆಲ್ಲ ಕಾಣದೆ, ರಾತ್ರಿ ಡೇರೆಯಲ್ಲಿ ಮಲಗಿದಾಗ ಕತ್ತಲೆಯ ನೀರಿನಿಂದ ಅವು ಉಸಿರುಬಿಡುವ ಸದ್ದು ಕೇಳಿ ಎದ್ದು ಕುಳಿತವರೂ ಉಂಟು.

ಟೆಲಿಗ್ರಾಫ್ ಕೋವ್ ಊರಿಗೆ 2024ರ ಡಿಸೆಂಬರ್ 31ರಂದು ಬೆಂಕಿ ಬಿದ್ದು, ಕಂಬಗಳ ಮೇಲೆ ನಿಂತಿದ್ದ ಹಳೆಯ ಮರದ ಕಟ್ಟಡಗಳಲ್ಲಿ ಕೆಲವು ಸುಟ್ಟುಹೋದವು. ಅಲ್ಲಿದ್ದ ತಿಮಿಂಗಿಲ ವಸ್ತುಸಂಗ್ರಹಾಲಯವೂ ಅದರಲ್ಲಿ ಸೇರಿತ್ತು. ಹೋಗುವ ಮನಸ್ಸುಳ್ಳವರು ಯಾವ ಊರಿನಿಂದ ತಂಡ ಹೊರಡುತ್ತದೆಂದು ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ಸಿಯಾಟಲ್ ಸುತ್ತಮುತ್ತ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಕನ್ನಡಿಗರಿಗೆ ಇಷ್ಟು ದೂರ ಬರುವ ಅಗತ್ಯವೂ ಇಲ್ಲ. ಅವರ ಮಗ್ಗುಲಿನ ಸ್ಯಾನ್ ಹುವಾನ್ ದ್ವೀಪದಲ್ಲಿ ಲೈಮ್ ಕಿಲ್ನ್ ಪಾಯಿಂಟ್ ಎಂಬ ಉದ್ಯಾನವಿದೆ. ದೀಪಸ್ತಂಭದ ಪಕ್ಕದ ಬಂಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತರಾಯಿತು. ಅಲ್ಲಿ ದೋಣಿಯೂ ಬೇಡ, ಗೈಡೂ ಬೇಡ. ಬೇಕಾದ್ದು ದುರ್ಬೀನು, ಬೆಚ್ಚನೆಯ ಅಂಗಿ ಮತ್ತು ಬಿಡುವಾದ ಇಡೀ ದಿನ.